ಉಚ್ಚಂಗೆಮ್ಮ ಹೇಳದ ಊರು

ಆನ್‌ಲೈನ್ ಸಂದರ್ಶನದ ಹೊತ್ತಿಗೆ ಮನೆಯಲ್ಲಿ ಸದ್ದಾಗಬಾರದೆಂದು ರಮಾ ಬಾಯಿಬಿಟ್ಟು ಹೇಳಿರಲಿಲ್ಲ. ಹಾಗೆಲ್ಲ ಹೇಳುವ ಹುಡುಗಿಯೇ ಅಲ್ಲ ಅವಳು. ಆದರೆ ಬೆಳಿಗ್ಗೆಯಿಂದ ಅವಳ ಮುಖ ನೋಡಿದ್ದ ತಂದೆತಾಯಿಗೆ ಬೇರೆ ಹೇಳಬೇಕಾಗಿರಲಿಲ್ಲ. ಅಪ್ಪ ಹೊನ್ನೂರಸ್ವಾಮಿ ಸರಕಾರಿ ಬಸ್ಸಿನ ಡ್ರೈವರು. ಅರ್ಧ ಆಯುಷ್ಯ ಹಾರನ್ ಒತ್ತಿಯೇ ಕಳೆದವನು ಅವತ್ತು ರಜೆ ಹಾಕಿ ಮನೆಯೊಳಗೆ ಬರಿಗಾಲಲ್ಲಿ ಅಡ್ಡಾಡುತ್ತಿದ್ದ. ಅಮ್ಮ ಪಕ್ಕೀರಮ್ಮ ಕುಕ್ಕರು ಸೀಟಿ ಹೊಡೆದೀತೆಂದು ಬೋಗುಣಿಯಲ್ಲೇ ಅನ್ನಕ್ಕಿಟ್ಟಿದ್ದಳು. ಹಗರಿಬೊಮ್ಮನಹಳ್ಳಿಯ ರೈಲು ಸ್ಟೇಷನ್ನಿನ ಹಿಂದಿದ್ದ ಆ ಮನೆಯಲ್ಲಿ, ರೈಲೊಂದನ್ನು ಬಿಟ್ಟು ಉಳಿದೆಲ್ಲವೂ ಬಾಯಿ ಮುಚ್ಚಿಕೊಂಡಿತ್ತು.

ಎಂ.ಡಿ. ಸೈಕಿಯಾಟ್ರಿ ಮುಗಿಸಿ ಸರಕಾರದ ಕಡ್ಡಾಯ ಸೇವೆಯಲ್ಲಿದ್ದ ರಮಾ ಬೆಂಗಳೂರಿನ ಒಂದು ಸಂಸ್ಥೆಯ ಫೊರೆನ್ಸಿಕ್ ಸೈಕಿಯಾಟ್ರಿ ಫೆಲೋಶಿಪ್ಪಿಗೆ ಅರ್ಜಿ ಹಾಕಿದ್ದಳು. ಅಪರಾಧ ಹೊತ್ತವರ ಮನಸ್ಸನ್ನು ಪರೀಕ್ಷಿಸಿ ಕೋರ್ಟಿಗೆ ವರದಿ ಕೊಡುವ ವಿದ್ಯೆ ಅದು. ಇದ್ದದ್ದು ಒಂದೇ ಸೀಟು. ನೆಂಟರು ಕೇಳಿದರೆ ಹೊನ್ನೂರಸ್ವಾಮಿ, “ಕೋರ್ಟು, ಹುಚ್ಚು ಎರಡೂ ಕೂಡಿದ ಓದ್ರಿ ಅದು. ನಮ್ ಕಡಿ ಎರಡಕ್ಕೂ ಬರಗಾಲ ಇಲ್ಲ” ಎಂದು ನಗುತ್ತಿದ್ದ. ರಮಾಳಿಗೆ ಅದು ನಗುವ ಮಾತಾಗಿರಲಿಲ್ಲ. ಓದುವಾಗ ಜೈಲಿನ ವಾರ್ಡಿಗೆ ಹಾಕಿದ್ದ ತಿಂಗಳುಗಳಲ್ಲಿ, ಒಬ್ಬ ಮನುಷ್ಯನ ಮುಂದಿನ ಬದುಕೆಲ್ಲ ಡಾಕ್ಟರು ಬರೆದ ಎರಡು ಸಾಲಿಗೆ ಜೋತುಬಿದ್ದಿರುವುದನ್ನು ಅವಳು ಕಂಡಿದ್ದಳು. ನಾಲ್ಕು ಜನರ ಮುಂದೆ ಗಂಟಲು ಒಣಗುತ್ತಿದ್ದ ಅವಳಿಗೆ ಒಬ್ಬರ ಎದುರು ಕೂತು ಕೇಳುವುದು, ಆಮೇಲೆ ಒಬ್ಬಳೇ ಕೂತು ಬರೆಯುವುದು, ಈ ಎರಡೂ ಹೇಳಿ ಮಾಡಿಸಿದಂತಿದ್ದವು. ಬೇರೆ ಯಾವುದನ್ನೂ ಅವಳು ಇಷ್ಟು ಹಚ್ಚಿಕೊಂಡು ಬಯಸಿರಲಿಲ್ಲ.

ಅರ್ಜಿಯ ಜೊತೆ, ತಾನೇ ಪರೀಕ್ಷಿಸಿ ಕೋರ್ಟಿಗೆ ಕೊಟ್ಟ ವರದಿಯೊಂದನ್ನು ಹೆಸರು, ಗುರುತು ತೆಗೆದು ಕಳಿಸಬೇಕಿತ್ತು. ತಾಲ್ಲೂಕು ಊರಿನಲ್ಲಿ ಕೆಲಸ ಮಾಡುವವಳಿಗೆ ಅಂಥ ಕೇಸು ಎಲ್ಲಿಂದ ಬರಬೇಕು? ಬರುವುದೇ ಇಲ್ಲವೆಂದು ಕೈಚೆಲ್ಲಿದ್ದಾಗ, ಕೊನೆಯ ದಿನ ಹತ್ತಿರವಾದಾಗ, ಉಚ್ಚಂಗೆಮ್ಮ ಬಂದಳು.

ತಿಂಗಳಿಗೊಮ್ಮೆ ಕೊಟ್ಟೂರಿನಲ್ಲಿ ನಡೆಯುವ ಮಾನಸಿಕ ಆರೋಗ್ಯ ಶಿಬಿರಕ್ಕೆ ಪೊಲೀಸರು ಅವಳನ್ನು ಕರೆತಂದಿದ್ದರು. ಗುಡೇಕೋಟೆಯ ಹೆಂಗಸು, ವಯಸ್ಸು ನಲವತ್ತು ದಾಟಿತ್ತು. ಗಂಡನ ಅಣ್ಣ ಪಾಲಾಕ್ಷನ ಮೇವಿನ ಬಣವೆಗೆ ಬೆಂಕಿ ಇಟ್ಟಳೆಂದು ಕೇಸು. ಜಾಮೀನಿಗೆ ಯಾರೂ ಬಂದಿರಲಿಲ್ಲ. ಜೈಲಿನಲ್ಲಿ ಊಟ ಬಿಡುತ್ತಾಳೆ, ಒಬ್ಬಳೇ ಗೊಣಗುತ್ತಾಳೆ ಎಂದು ತಿಳಿದಾಗ, ವಿಚಾರಣೆ ಎದುರಿಸುವಷ್ಟು ಬುದ್ಧಿ ನೆಟ್ಟಗಿದೆಯೇ ನೋಡಿ ತಿಳಿಸಿ ಎಂದು ಕೂಡ್ಲಿಗಿಯ ಕೋರ್ಟು ರಮಾಳನ್ನು ಕೇಳಿತ್ತು.

ರಮಾ ಎಲ್ಲವನ್ನೂ ಪುಸ್ತಕದಲ್ಲಿದ್ದಂತೆಯೇ ಮಾಡಿದಳು. ಪೊಲೀಸರೆದುರು ಯಾರೂ ಬಾಯಿಬಿಡುವುದಿಲ್ಲವೆಂದು ಹೆಂಗಸು ಕಾನ್‌ಸ್ಟೇಬಲನ್ನು ಹೊರಗೆ ಕೂರಿಸಿ ಬಾಗಿಲು ಮುಚ್ಚಿದಳು. ಮೆತ್ತಗಿನ ದನಿಯಲ್ಲಿ ಕೇಳುತ್ತ ಹೋದಳು. ಉಚ್ಚಂಗೆಮ್ಮ ತನ್ನ ಹೆಸರು ಹೇಳಿದಳು, ಊರು ಹೇಳಿದಳು, ಇವತ್ತು ಯಾವ ವಾರವೆಂದು ಹೇಳಿದಳು, ಮಕ್ಕಳು ದನ ಎಷ್ಟೆಂದು ಹೇಳಿದಳು. ಗಂಡನ ಹೆಸರೇನೆಂದರೆ ಗೋಡೆ ನೋಡಿದಳು. ಈಗ ಯಾವ ಊರಿನಲ್ಲಿ ಕೂತಿದ್ದೀರಿ ಅಂದರೆ, “ಇದಾ ಊರಾಗ್ರಿ” ಅಂದಳು. ಊರಿನ ಹೆಸರು ಕೇಳಿದರೆ ತಲೆ ತಗ್ಗಿಸಿದಳು. ಯಾರ ಬಣವೆ ಸುಟ್ಟಿರೆಂದು ಕೇಸಾಗಿದೆ ಅಂದರೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಮಾ ಬೇಸರಿಸದೆ ಮತ್ತೆ ಮತ್ತೆ ಕೇಳಿದಳು. ಕೇಳಿದಷ್ಟೂ ಆ ಹೆಂಗಸು ಮುದುಡಿ, ಕೊನೆಗೆ ಗೊತ್ತಿದ್ದದ್ದನ್ನೂ ಹೇಳದಾದಳು.

ಇರುವ ಜಾಗದ ಅರಿವಿಲ್ಲ, ಆರೋಪವೂ ತಿಳಿದಂತಿಲ್ಲ, ವಿಚಾರಣೆಗೆ ಯೋಗ್ಯಳಲ್ಲ ಎಂದು ರಮಾ ಒಂದೇ ಪುಟದಲ್ಲಿ ಬರೆದು ಕೋರ್ಟಿಗೆ ಕೊಟ್ಟಳು. ಪ್ರಶ್ನೆ, ಉತ್ತರವೆಲ್ಲ ಇದ್ದ ಉದ್ದನೆಯ ಪ್ರತಿಯನ್ನು ಕೋರ್ಟಿನ ಒಪ್ಪಿಗೆ ಪಡೆದು ಅರ್ಜಿಗೆ ಲಗತ್ತಿಸಿದಳು. ಬರೆಯುವಾಗ ಆ ಹೆಂಗಸಿನ ಮೇಲೆ ಮರುಕ ಹುಟ್ಟಿತ್ತು. ಮರುಕದ ಅಡಿಯಲ್ಲಿ, ಯಾರಿಗೂ ಹೇಳಲಾಗದ ಒಂದು ಚಿಕ್ಕ ಖುಷಿಯೂ ಇತ್ತು: ಕೇಸು ಸಿಕ್ಕಿತಲ್ಲ, ಅದೂ ಇಷ್ಟು ಸ್ಪಷ್ಟವಾದ ಕೇಸು.

ಸಂದರ್ಶನದ ದಿನವೇ ಆ ವರದಿ ಕೂಡ್ಲಿಗಿ ಕೋರ್ಟಿನ ಮುಂದಿತ್ತು. ಬೆಳಿಗ್ಗೆ ಉಚ್ಚಂಗೆಮ್ಮನ ಪರ ಸರಕಾರ ನೇಮಿಸಿದ್ದ ವಕೀಲೆ ಶಾಂಭವಿ ಮೊಬೈಲಿಗೆ ಸಂದೇಶ ಹಾಕಿದ್ದಳು. ಮಧ್ಯಾಹ್ನದ ಮೇಲೆ ಆದೇಶವಾಗಬಹುದು. ವಿಚಾರಣೆ ನಿಲ್ಲಿಸಿ ಧಾರವಾಡದ ಮಾನಸಿಕ ಆಸ್ಪತ್ರೆಗೆ ಕಳಿಸುತ್ತಾರೆ. ಪೊಲೀಸ್ ವ್ಯಾನು ಕೂಡ ಬಂದು ನಿಂತಿದೆ. ಕೊನೆಗೆ ಇನ್ನೊಂದು ಸಾಲು: ನನ್ನ ಹತ್ತಿರ ಸರಿಯಾಗೇ ಮಾತಾಡುತ್ತಾಳೆ, ನಿಮ್ಮ ಹತ್ತಿರ ಯಾಕೆ ಆಡಲಿಲ್ಲವೋ. ರಮಾಳಿಗೆ ಅದು ಚುಚ್ಚಿತು. ವಕೀಲರಿಗೇನು ಗೊತ್ತು ಎಂದುಕೊಂಡು ಫೋನನ್ನು ಮಗುಚಿಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಳು.

ಪರದೆಯ ಮೇಲೆ ಇಬ್ಬರಿದ್ದರು. ನರೆತ ಕೂದಲನ್ನು ಬಿಗಿದು ಕಟ್ಟಿದ್ದ ಹಿರಿಯ ಪ್ರೊಫೆಸರಮ್ಮ ಒಬ್ಬರು, ದಪ್ಪ ಕನ್ನಡಕದ ಪ್ರೊಫೆಸರ್ ಇನ್ನೊಬ್ಬರು. ಮೊದಲು ಮಾತುಕತೆ, ಆಮೇಲೆ ಅಲ್ಲೇ ಕೂತು ಬರೆಯುವ ಪರೀಕ್ಷೆ, ಎರಡೂ ಒಂದೇ ಕೂಟದಲ್ಲಿ ಮುಗಿಯಬೇಕೆಂದು ಕನ್ನಡಕದವರು ನಿಯಮ ಓದಿದರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಕಾನೂನಿನ ಪ್ರಶ್ನೆಗಳಿಗೆ ರಮಾ ತಡವರಿಸುತ್ತಲೇ ಸರಿಯಾಗಿ ಉತ್ತರಿಸಿದಳು. ಕನ್ನಡಕದವರು ತಲೆಯಾಡಿಸಿ, ವರದಿ ಚೊಕ್ಕವಾಗಿದೆ ಅಂದರು. ಮೇಜಿನ ಕೆಳಗೆ ಹೆಣೆದುಕೊಂಡಿದ್ದ ಅವಳ ಬೆರಳು ಸ್ವಲ್ಪ ಸಡಿಲವಾದವು.

ಆಗ ಪ್ರೊಫೆಸರಮ್ಮ ಉದ್ದನೆಯ ಪ್ರತಿಯನ್ನು ತೆರೆದರು. ಈ ಹೆಂಗಸು ಹೇಳಿದ್ದೇನು, ಹೇಳದೆ ಉಳಿದದ್ದೇನು, ಬೇರೆ ಬೇರೆ ಮಾಡಿ ಹೇಳಿ ಅಂದರು. ರಮಾ ಹೇಳಿದಳು. ವಾರ ಗೊತ್ತಿರುವವಳಿಗೆ ಕೂತ ಊರು ಗೊತ್ತಿಲ್ಲವೆಂದರೆ ವಿಚಿತ್ರವಲ್ಲವೇ, ಸಾಮಾನ್ಯವಾಗಿ ಮೊದಲು ಮರೆಯುವುದು ವಾರವನ್ನಲ್ಲವೇ ಅಂದರು. ರಮಾ ಹೌದೆಂದಳು. ಹಾಗಿದ್ದರೆ ಉತ್ತರ ಬಾರದ ಈ ಮೂರಕ್ಕೂ, ಗಂಡ, ಊರು, ಬಣವೆಯ ಯಜಮಾನ, ಏನು ನಂಟು ಎಂದು ಕೇಳಿದರು. ರಮಾ ತನ್ನ ಪ್ರತಿಯ ಪುಟ ತಿರುವಿದಳು. ನಂಟೆಂದರೇನು?

ಅದೇ ಹೊತ್ತಿಗೆ ಹೊರಗೆ ಸಿಲಿಂಡರುಗಳು ಗಡಗಡ ಅಂದವು. ಬೆಳಗಿನಿಂದ ಕಟ್ಟಿಟ್ಟುಕೊಂಡಿದ್ದ ಪಕ್ಕೀರಮ್ಮನ ದನಿ ತಡೆಯಲಾರದೆ ಹೊರಬಿತ್ತು.

“ಹೊನ್ನೂರಸ್ವಾಮಿ, ಗ್ಯಾಸಿನವ್ರು ಬಂದಾರ, ಹೊಳ್ಳಿ ಹೋಗ್ತಾರ ನೋಡ್ರಿ.”

ಕೂಗಿದ ಮೇಲೆ ಎಚ್ಚರವಾಗಿ ತಾನೇ ಬಾಯಿ ಮುಚ್ಚಿಕೊಂಡಳು. ಕನ್ನಡಕದವರು ಹುಬ್ಬೇರಿಸಿದರು. ತಾಯಿಯವರು, ತಂದೆಯನ್ನು ಕರೆದರು, ಕ್ಷಮಿಸಿ, ಎಂದು ರಮಾ ತೊದಲಿದಳು. ಮಾತು ಅರ್ಧಕ್ಕೇ ನಿಂತಿತು.

ಬೀದಿಯಲ್ಲೆಲ್ಲ ಆ ಮನೆಯೊಂದಕ್ಕೇ ಇದ್ದ ವಾಡಿಕೆ ಅದು. ಬಾಬಾಸಾಹೇಬರ ಪಟದ ಮುಂದೆ ಮದುವೆಯಾದ ದಿನವೇ ಹೊನ್ನೂರಸ್ವಾಮಿ ಹೆಂಡತಿಗೆ, ನನ್ನ ಹೆಸರು ಹಿಡಿದು ಕರಿ, ಇಲ್ಲದಿದ್ದರೆ ನಾನು ಓಗೊಡುವುದಿಲ್ಲ ಎಂದಿದ್ದ. ಪಕ್ಕೀರಮ್ಮ ಮೊದಮೊದಲು ನಾಚಿ, ಆಮೇಲೆ ರೂಢಿಯಾಗಿ, ಈಗ ಓಣಿಯ ತುದಿಗೆ ಕೇಳುವಂತೆ ಕರೆಯುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ರಮಾ ಆ ಕೂಗಿನಲ್ಲೇ ಬೆಳೆದವಳು, ಓದಿದ್ದೆಲ್ಲ ಹಾಸ್ಟೆಲುಗಳಲ್ಲಿ. ಗಂಡನ ಹೆಸರನ್ನು ನಾಲಿಗೆಯ ಮೇಲೆ ತಾರದ ಹೆಂಗಸರು ಇದ್ದಾರೆಂಬುದು ಅವಳಿಗೆ ಗೊತ್ತಿತ್ತು, ಹಳೆಯ ಕಾಲದ ಕತೆ ಗೊತ್ತಿರುವ ಹಾಗೆ. ಎದುರಿಗೆ ಕೂತ ಹೆಂಗಸು ಅಂಥವಳಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಪೊಲೀಸರ ಕಾಗದದಲ್ಲಿ ಉಚ್ಚಂಗೆಮ್ಮನ ಗಂಡನ ಹೆಸರಿತ್ತು. ಕೊಟ್ರಪ್ಪ. ಶಿಬಿರ ನಡೆದ ಊರು ಕೊಟ್ಟೂರು. ಆ ಊರಿನ ದೇವರ ಹೆಸರನ್ನೇ ಅವನಿಗಿಟ್ಟಿದ್ದರು. ಒಂದನ್ನು ಹೇಳದವಳು ಇನ್ನೊಂದನ್ನು ಹೇಗೆ ಹೇಳಿಯಾಳು? ಬಣವೆಯ ಪಾಲಾಕ್ಷ ಗಂಡನ ಅಣ್ಣ, ಭಾವ; ಅವನ ಹೆಸರೂ ಬಾಯಲ್ಲಿ ಬರಬಾರದು. ಬಾಗಿಲಾಚೆ ಕೂರಿಸಿದ ಕಾನ್‌ಸ್ಟೇಬಲ್ ಒಳಗಿದ್ದಿದ್ದರೆ ಗಂಡನ ಹೆಸರು ಕೇಳಿದಾಗಲೇ ನಕ್ಕು ಹೇಳಿಬಿಡುತ್ತಿದ್ದಳು.

“ಮೇಡಂ, ನನ್ನ ವರದಿ ತಪ್ಪು” ಅಂದಳು ರಮಾ. ಇಂಗ್ಲಿಷು ಬಿಟ್ಟುಹೋಗಿತ್ತು. “ಆಕೆಗೆ ಊರು ಗೊತ್ತಿತ್ತು. ಹೇಳೋ ಹಂಗಿರಲಿಲ್ಲ.”

ಎಲ್ಲವನ್ನೂ ಬಿಡಿಸಿ ಹೇಳಿದಳು. ವರದಿ ಇವತ್ತೇ ಕೋರ್ಟಿನ ಮುಂದಿದೆ, ವ್ಯಾನು ನಿಂತಿದೆ ಎಂದೂ ಹೇಳಿದಳು. ಕನ್ನಡಕದವರಿಗೆ ಸಮಾಧಾನವಾಗಲಿಲ್ಲ. ತಾಯಿಯ ಕೂಗು ಕೇಳಿ ಅಭಿಪ್ರಾಯ ಬದಲಿಸುವ ಡಾಕ್ಟರನ್ನು ಸಾಕ್ಷಿ ಕಟ್ಟೆಯಲ್ಲಿ ವಕೀಲರು ಹಿಂಡಿ ಒಣಗಿಸುತ್ತಾರೆ ಅಂದರು. ತಿದ್ದುಪಡಿಯನ್ನು ನಾಳೆ ಬರೆದು ಕಳಿಸಬಹುದು, ಕೋರ್ಟುಗಳಿಗೆ ಅದೇನು ಹೊಸದಲ್ಲ. ಈಗ ಬರೆಯುವ ಪರೀಕ್ಷೆ ಮುಗಿಸಿ. ಎದ್ದು ಹೋದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಹೇಳಿದ್ದು ಬುದ್ಧಿಮಾತೇ. ಆ ದನಿಯಲ್ಲಿ ಕೆಡುಕಿರಲಿಲ್ಲ.

ರಮಾ ಮೈಕು ಮುಚ್ಚಿ ಶಾಂಭವಿಗೆ ಫೋನು ಹಚ್ಚಿದಳು. ಬಂದಾಗಿತ್ತು, ಕೋರ್ಟಿನೊಳಗೆ ಇರಬೇಕು. ಮತ್ತೆ ಹಚ್ಚಿದಳು. ನಾಳೆ ಅಂದರೆ ಉಚ್ಚಂಗೆಮ್ಮ ಧಾರವಾಡದಲ್ಲಿರುತ್ತಾಳೆ. ಅಲ್ಲಿಯ ಡಾಕ್ಟರು, ಆಮೇಲೆ ಇನ್ನೊಂದು ವರದಿ, ಇನ್ನೊಂದು ವಾಯಿದೆ. ಇಲ್ಲದ ಕಾಯಿಲೆ ವಾಸಿಯಾಯಿತೆಂದು ಯಾರು ಯಾವಾಗ ಬರೆದುಕೊಟ್ಟಾರು? ಅವಳು ಪ್ರೊಫೆಸರಮ್ಮನ ಮುಖ ನೋಡಿದಳು, ಹೋಗು ಎಂದಾದರೂ ಇರು ಎಂದಾದರೂ ಅಂದಾರೇನೋ ಎಂದು.

“ನಿಯಮ ಅಂದರೆ ನಿಯಮವೇ, ಡಾಕ್ಟರ್. ನೀವು ಎದ್ದರೆ ನಾನು ಏನೂ ಮಾಡಲಾರೆ. ನಿರ್ಧಾರ ನಿಮ್ಮದು” ಎಂದರು ಅವರು, ಕನ್ನಡದಲ್ಲೇ.

ರಮಾ ಕೈಮುಗಿದು ಲ್ಯಾಪ್‌ಟಾಪು ಮುಚ್ಚಿದಳು.

ಹೊರಗೆ ಪಕ್ಕೀರಮ್ಮ ಸಿಲಿಂಡರಿನ ಪಕ್ಕ ಅಪರಾಧಿಯಂತೆ ನಿಂತಿದ್ದಳು. ತನ್ನ ಬಾಯಿಂದಲೇ ಕೆಟ್ಟಿತೆಂದು ಅವಳ ಕಣ್ಣು ತುಂಬಿತ್ತು. ಇಲ್ಲವ್ವಾ, ಅದಲ್ಲ, ಬಂದು ಹೇಳ್ತೀನಿ ಎಂದಷ್ಟೇ ಹೇಳಿ ರಮಾ ಚಪ್ಪಲಿ ಮೆಟ್ಟಿದಳು.

“ಅಪ್ಪಾ, ಗಾಡಿ ತಗಿ. ಕೂಡ್ಲಿಗಿ ಕೋರ್ಟಿಗೆ ಹೋಗ್ಬೇಕು.”

ಯಾಕೆಂದು ಕೇಳದೆ ಹೊನ್ನೂರಸ್ವಾಮಿ ಬೈಕು ಚಾಲೂ ಮಾಡಿದ. ಊರು ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿ ಒಣಹಾಕಿದ್ದರು. ಎದುರು ಲಾರಿ ಬಂದಾಗಲೆಲ್ಲ ಕಾಳಿನ ಅಂಚಿಗೆ ಚಕ್ರ ತಾಗಿಸಿಯೂ ತಾಗಿಸದಂತೆ ಅವನು ನುಸುಳಿಕೊಂಡು ಹೋದ. ಹಿಂದೆ ಕೂತ ರಮಾ ಗಾಳಿಯಲ್ಲಿ ಕೂಗಿ ಕೂಗಿ ವಿಷಯ ಹೇಳಿದಳು.

“ನಿಮ್ಮಜ್ಜಿ ಮಂಜಮ್ಮನೂ ಹಂಗ ಇದ್ಲು” ಅಂದ ಅವನು. “ರೇಷನ್ ಕಾರ್ಡಿನವ್ರು ಗಂಡನ ಹೆಸರು ಕೇಳಿದ್ರ ನನ್ನ ಮುಂದ ದಬ್ಬತಿದ್ಲು, ಇವನ್ನ ಕೇಳ್ರಿ ಅಂತ. ನಿನಗ ಇಷ್ಟು ಗೊತ್ತಿರಬೇಕಿತ್ತವಾ.”

“ಗೊತ್ತಾಗದಂಗ ಬೆಳೆಸಿದವ್ರು ನೀವ ಅಲ್ಲೇನಪ್ಪಾ.”

ಬೈಕಿನ ವೇಗ ಏರಿತು.

ಕೋರ್ಟಿನ ಅಂಗಳದಲ್ಲಿ ವ್ಯಾನು ಇನ್ನೂ ನಿಂತಿತ್ತು. ಅದನ್ನು ಕಂಡು ರಮಾ ಬೈಕಿನಿಂದಿಳಿದು ಓಡಿದಳು. ವರಾಂಡದಲ್ಲಿ ಸಿಕ್ಕ ಶಾಂಭವಿ ಅವಳ ಮಾತು ಕೇಳುತ್ತ ಕೇಳುತ್ತ ಹಣೆ ಬಡಿದುಕೊಂಡಳು. ಕೋರ್ಟಿಗೆ ಕೊಟ್ಟ ಒಂದು ಪುಟದ ವರದಿಯಲ್ಲಿ ಪ್ರಶ್ನೆಗಳಿರಲಿಲ್ಲ. ಇದ್ದಿದ್ದರೆ ತನಗೆ ಅಂದೇ ತಿಳಿಯುತ್ತಿತ್ತು ಅಂದಳು. ಮುಂದಿನದೇ ನಮ್ಮ ಕೇಸು, ನಡೀರಿ, ಎಂದು ರಟ್ಟೆ ಹಿಡಿದು ಎಳೆದಳು. ಕಂಬಕ್ಕೊರಗಿ ನಿಂತಿದ್ದ ಬಿಳಿ ಅಂಗಿಯ ಪಾಲಾಕ್ಷ ಎಲ್ಲ ಕೇಳಿಸಿಕೊಂಡಿದ್ದ.

“ಏನ್ರಿ ಡಾಕ್ಟರಮ್ಮ, ಹೋದ ತಿಂಗಳು ಹುಚ್ಚಿ, ಈ ತಿಂಗಳು ಶಾಣ್ಯಾಕಿ ಏನು? ಮುಂದಿನ ತಿಂಗಳು ಏನಂತ ಬರೀತೀರಿ, ಈಗ ಹೇಳಿಬಿಡ್ರಿ.”

ಸುತ್ತ ನಿಂತವರು ನಕ್ಕರು. ರಮಾಳಿಗೆ ಮುಖವೆಲ್ಲ ಬಿಸಿಯಾಯಿತು. ಒಳಗೆ ಹೋದಳು.

ನ್ಯಾಯಾಧೀಶರು ಅವಳ ಮೊದಲ ಎರಡು ವಾಕ್ಯ ಕೇಳಿಸಲಿಲ್ಲವೆಂದರು. ಗಟ್ಟಿಯಾಗಿ ಹೇಳಿ ಅಂದರು. ಅವಳು ಮತ್ತೆ ಹೇಳಿದಳು. ಇನ್ನೂ ಗಟ್ಟಿಯಾಗಿ ಅಂದರು. ಸರಕಾರಿ ವಕೀಲ ಗವಿಸಿದ್ದೇಶ್ ಎದ್ದು, ಡಾಕ್ಟರು ಅವತ್ತು ಬರೆದದ್ದು ನಿಜವೋ ಇವತ್ತು ಹೇಳುತ್ತಿರುವುದು ನಿಜವೋ ತಿಳಿಸಲಿ ಎಂದು ಮೆಲ್ಲಗೆ ಇರಿದ. ಅವತ್ತು ನೋಡಿದ್ದು ನಿಜ, ಅದಕ್ಕೆ ಕೊಟ್ಟ ಅರ್ಥ ತಪ್ಪು ಅಂದಳು ರಮಾ. ಕೋಣೆಯ ಹಿಂದಿನ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ ಬಂತು ಆ ಮಾತು. ತನ್ನದೇ ದನಿ ಕೇಳಿ ಅವಳೇ ಬೆಚ್ಚಿದಳು. ಅವಸರದಲ್ಲಿ ಕೊಟ್ಟ ವರದಿಯಿಂದ ಒಬ್ಬ ಹೆಂಗಸಿನ ಸ್ವಾತಂತ್ರ್ಯಕ್ಕೇ ಕುತ್ತು ಬರುತ್ತಿತ್ತು ಎಂಬುದನ್ನು ದಾಖಲೆಯಲ್ಲಿ ಬರೆಸುತ್ತೇನೆ, ನಿಮ್ಮ ಇಲಾಖೆಗೂ ಪ್ರತಿ ಹೋಗುತ್ತದೆ ಎಂದರು ನ್ಯಾಯಾಧೀಶರು. ಅವಳು ತಲೆಯಾಡಿಸಿದಳು. ಪಕ್ಕದ ಕೋಣೆಯಲ್ಲಿ ಈಗಲೇ ಮತ್ತೊಮ್ಮೆ ಪರೀಕ್ಷಿಸಿ ಬರೆದು ಕೊಡಿ, ಅಲ್ಲಿಯ ತನಕ ಆದೇಶವಿಲ್ಲ ಎಂದರು.

ಆ ಕೋಣೆಯಲ್ಲಿ ಹಳೆಯ ಫೈಲುಗಳ ದೂಳಿನ ವಾಸನೆಯಿತ್ತು. ಉಚ್ಚಂಗೆಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು. ರಮಾಳನ್ನು ಕಂಡೊಡನೆ ಅವಳ ದವಡೆ ಬಿಗಿಯಿತು. ಈ ಸಲ ರಮಾ ಕಾನ್‌ಸ್ಟೇಬಲನ್ನು ಹೊರಗೆ ಕಳಿಸಲಿಲ್ಲ, ಬಾಗಿಲ ಬಳಿ ಕೂರಿಸಿಕೊಂಡಳು. ಶಾಂಭವಿಯೂ ಇದ್ದಳು.

“ಅವತ್ತು ನಿಮಗ ಹೇಳಬಾರದ್ದನ್ನ ಕೇಳಿದ್ನಿ” ಅಂದಳು ರಮಾ. “ನನಗ ತಿಳೀಲಿಲ್ರಿ. ಇವತ್ತು ಹೆಸರು ಕೇಳೋದಿಲ್ಲ.”

ಉಚ್ಚಂಗೆಮ್ಮ ಅವಳತ್ತ ತಿರುಗಿ ಕೂತಳು.

“ಮೂರು ಮೂರು ಸಲ ಕೇಳಿದ್ರಲ್ರಿ ಯವ್ವಾ. ಚಾಷ್ಟಿ ಮಾಡ್ತಾರ ಅನಕೊಂಡೆ.”

ಅವತ್ತು ಎಲ್ಲಿಗೆ ಕರೆತಂದಿದ್ದರು ಎಂದು ರಮಾ ಕೇಳಿದಳು.

“ಅವ್ರ ಹೆಸರಿನೂರಿಗೆ.”

ಕಾನ್‌ಸ್ಟೇಬಲ್ ಮುಸಿಮುಸಿ ನಕ್ಕಳು. ಬಣವೆ ಯಾರದೆಂದರೆ, ನಮ್ಮನಿ ಹಿರೇರದು, ನಮ್ಮ ಭಾವಾರದು ಅಂದಳು ಉಚ್ಚಂಗೆಮ್ಮ. ಕೋರ್ಟಿನಲ್ಲಿ ಏನು ನಡೆಯುತ್ತದೆ, ತನ್ನ ಪರ ಮಾತಾಡುವವರು ಯಾರು, ತಪ್ಪಿದೆಯೆಂದು ಕಂಡರೆ ಏನಾಗುತ್ತದೆ, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಜೈಲಿನಲ್ಲಿ ಯಾಕೆ ಊಟ ಬಿಟ್ಟಿರೆಂದರೆ, ಅಮಾಸಿ ದಿನ ಒಪ್ಪತ್ತು ಮಾಡೋದೂ ತಪ್ಪೇನ್ರಿ ಎಂದು ತಿರುಗಿ ಕೇಳಿದಳು. ಗೊಣಗಿದ್ದು ದೇವರ ಹೆಸರು. ರಮಾಳ ಕೈ ಬರೆಯುತ್ತಲೇ ಇತ್ತು.

ಒಂದು ಮಾತು ಉಳಿದಿತ್ತು. ಅದನ್ನು ಹೇಳಲು ರಮಾ ಪೆನ್ನು ಕೆಳಗಿಟ್ಟಳು. ಬುದ್ಧಿ ನೆಟ್ಟಗಿದೆಯೆಂದು ಬರೆದರೆ ಕೇಸು ಮುಂದುವರಿಯುತ್ತದೆ, ಶಿಕ್ಷೆಯೂ ಆಗಬಹುದು. ಅದು ಗೊತ್ತೇ ಎಂದು ಕೇಳಿದಳು.

“ನಡೀಲಿ ಬಿಡ್ರಿ” ಅಂದಳು ಉಚ್ಚಂಗೆಮ್ಮ. “ಯಾರರ ನನ್ನ ಕೇಳಲಿ ಅಂತ ಕುಂತೀನಿ. ಹಚ್ಚಿದ್ದು ಯಾಕಂದ್ರ—”

“ಅದನ್ನ ನನಗ ಹೇಳಬ್ಯಾಡ್ರಿ.” ರಮಾ ಕೈ ಮುಂದೆ ಚಾಚಿದ್ದಳು. “ನಾ ಕೇಳಿದ್ರ ಬರೀಬೇಕಾಗ್ತತಿ. ನಿಮ್ಮ ವಕೀಲರಿಗೆ ಹೇಳ್ರಿ, ಆಮ್ಯಾಲೆ ಒಳಗ ಹೇಳ್ರಿ.”

ಶಾಂಭವಿ ತಲೆಯೆತ್ತಿ ಅವಳನ್ನು ನೋಡಿದಳು. ಉಚ್ಚಂಗೆಮ್ಮನೂ ನೋಡಿದಳು, ಮೊದಲ ಸಲ ಬಿಗುವಿಲ್ಲದೆ.

ಬರೆದು ಮುಗಿಸುವಾಗ ಫೋನು ಮಿನುಗಿತು. ಸಂಸ್ಥೆಯಿಂದ ಮೇಲ್ ಬಂದಿತ್ತು. ಪರೀಕ್ಷೆ ಪೂರ್ಣಗೊಳಿಸದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಕೆಳಗೆ ಯಾರ ಹೆಸರೂ ಇರಲಿಲ್ಲ. ರಮಾ ಎರಡು ಸಲ ಓದಿದಳು. ಅಳು ಬರುತ್ತದೆಂದು ಕಾದಳು, ಬರಲಿಲ್ಲ. ಕಿಟಕಿಯಾಚೆ ಅಪ್ಪ ಬೈಕಿನ ಮೇಲೆ ಕೂತು ಫೋನಿನಲ್ಲಿ ಹೇಳುತ್ತಿದ್ದ: ಪಕ್ಕೀರಮ್ಮ, ನಿನ್ನಿಂದ ಏನೂ ಕೆಟ್ಟಿಲ್ಲ, ಉಣ್ಣು ನೀನು.

ಸಹಿ ಹಾಕಲು ಹೋದವಳನ್ನು ಉಚ್ಚಂಗೆಮ್ಮ ತಡೆದಳು.

“ಏನು ಬರದೀರಿ, ಒಮ್ಮಿ ಓದಿ ಹೇಳ್ರಿ. ಹೋದ ಸಲ ಓದಲಿಲ್ಲ.”

ರಮಾ ಹಾಳೆ ಎತ್ತಿಕೊಂಡು, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಓದತೊಡಗಿದಳು. ಉಚ್ಚಂಗೆಮ್ಮ, ಗುಡೇಕೋಟೆ. ಅಲ್ಲಿಗೆ ಬಂದು ನಿಂತಳು. ಮುಂದಿನದು ಗಂಡನ ಹೆಸರು, ಆಮೇಲೆ ಮೊದಲು ಪರೀಕ್ಷಿಸಿದ ಊರಿನ ಹೆಸರು. ನಿಮ್ಮ ಯಜಮಾನ್ರು, ಎಂದು ತೊದಲಿ, ಅದನ್ನು ದಾಟಿಕೊಂಡು ಹೋಗಲು ನೋಡಿದಳು.

ಉಚ್ಚಂಗೆಮ್ಮನ ತುಟಿಯ ತುದಿ ಅಲುಗಿತು.

“ನಾನು ಅನಬಾರದು. ನೀವು ಅಂದ್ರ ಏನಾಗ್ತತಿ? ಓದ್ರಿ. ಗಟ್ಟಿ ಓದ್ರಿ, ನನಗ ಕೇಳಸಲಿ.”

ರಮಾ ಹಾಳೆಯ ಮೇಲೆ ಬೆರಳಿಟ್ಟು ಹೆಸರನ್ನು ಓದಿದಳು, ಊರನ್ನು ಓದಿದಳು. ವರಾಂಡದಲ್ಲಿ ನಿಂತವರೂ ತಿರುಗಿ ನೋಡಿದರು.